ಜಗಳ ಆಡಲಾಗದ ಸಾಲು

ಕೆನ್ ಲೋಚ್ ನಿರ್ದೇಶನದ ‘ಐ, ಡೇನಿಯಲ್ ಬ್ಲೇಕ್’ 2016ರಲ್ಲಿ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಗೆದ್ದ ಸಿನಿಮಾ. ಇದರ ಬಗ್ಗೆ ಮಾತು ಬಂದಾಗ ಎಲ್ಲರೂ ಸರ್ಕಾರಿ ಕಚೇರಿಯ ದೃಶ್ಯಗಳನ್ನೇ ಹೇಳ್ತಾರೆ. ಫೋನಿನಲ್ಲಿ ಗಂಟೆಗಟ್ಟಲೆ ಕಾಯಿಸೋದು, ಕಂಪ್ಯೂಟರ್ ಮೌಸ್ ಹಿಡಿಯೋಕೆ ಬಾರದವನಿಗೆ ಆನ್‌ಲೈನ್ ಅರ್ಜಿ ತುಂಬು ಅನ್ನೋದು ಇತ್ಯಾದಿ. ಅವು ಚೆನ್ನಾಗಿವೆ, ನಿಜ. ಆದರೆ ಈ ಸಿನಿಮಾದ ಜೀವ ಇರೋದು ಫುಡ್ ಬ್ಯಾಂಕಿನ ದೃಶ್ಯದಲ್ಲಿ ಅಂತ ನನ್ನ ಅಭಿಪ್ರಾಯ.

ಕತೆ ಸರಳ. ನ್ಯೂಕ್ಯಾಸಲ್ಲಿನ ಬಡಗಿ ಡೇನಿಯಲ್‌ಗೆ 59 ವರ್ಷ. ಹೃದಯಾಘಾತ ಆಗಿದೆ, ಕೆಲಸ ಮಾಡಬಾರದು ಅಂತ ಡಾಕ್ಟರು ಹೇಳಿದ್ದಾರೆ. ಪ್ರಶ್ನಾವಳಿ ಹಿಡಿದು ಅಂಕ ಹಾಕುವ ವ್ಯವಸ್ಥೆ ಮಾತ್ರ ಅವನು ಗಟ್ಟಿಮುಟ್ಟಾಗಿದ್ದಾನೆ ಅನ್ನುತ್ತೆ. ಅದೇ ಕಚೇರಿಯಲ್ಲಿ ಅವನಿಗೆ ಕೇಟಿ ಸಿಗುತ್ತಾಳೆ. ಎರಡು ಮಕ್ಕಳ ತಾಯಿ. ಲಂಡನ್ನಿನಲ್ಲಿ ಮನೆ ಸಿಗದೆ ಗೊತ್ತುಗುರಿಯಿಲ್ಲದ ಈ ಊರಿಗೆ ಬಂದಿದ್ದಾಳೆ. ಬಸ್ಸು ತಪ್ಪಾಗಿ ಹತ್ತಿ ಭೇಟಿಗೆ ತಡವಾಗಿದ್ದಕ್ಕೆ ಅವಳಿಗೆ ಬರಬೇಕಿದ್ದ ಹಣ ಕಡಿತ. ಮಕ್ಕಳಿಗೆ ಬಡಿಸಿ, ತಾನು ಊಟ ಮಾಡಿದ್ದೀನಿ ಅಂತ ಸುಳ್ಳು ಹೇಳೋದು ಶುರುವಾಗುತ್ತೆ. ನಮ್ಮ ಯಾವ ಅಮ್ಮನಿಗೆ ಈ ಸುಳ್ಳು ಗೊತ್ತಿಲ್ಲ ಹೇಳಿ?

ಫುಡ್ ಬ್ಯಾಂಕ್ ಅಂದ್ರೆ ಊರಿನ ಜನ ಕೊಟ್ಟ ದಿನಸಿಯನ್ನ ಕಷ್ಟದಲ್ಲಿರುವ ಕುಟುಂಬಗಳಿಗೆ ಹಂಚುವ ಜಾಗ. ಟ್ರಸೆಲ್ ಟ್ರಸ್ಟ್ ಅನ್ನೋ ಸಂಸ್ಥೆ 2000ದಲ್ಲಿ ಸಾಲ್ಸ್‌ಬರಿಯಲ್ಲಿ ಒಂದನ್ನು ಶುರು ಮಾಡಿತು. 2015-16ರ ಹೊತ್ತಿಗೆ ಅದರ ಜಾಲ ವರ್ಷಕ್ಕೆ ಮೂರು ದಿನದ ದಿನಸಿಯ ಪೊಟ್ಟಣಗಳನ್ನ 11 ಲಕ್ಷಕ್ಕೂ ಹೆಚ್ಚು ಬಾರಿ ಕೊಡುವಷ್ಟು ಬೆಳೆದಿತ್ತು. ಶ್ರೀಮಂತ ದೇಶದ ಲೆಕ್ಕ ಇದು!

ಸಿನಿಮಾದ ದೃಶ್ಯ ನೋಡಿ. ಹೊರಗೆ ಉದ್ದನೆಯ ಸಾಲು. ಒಳಗೆ ಕೇಟಿಯ ಜೊತೆ ಒಬ್ಬ ಹೆಂಗಸು ಕಪಾಟಿನಿಂದ ಕಪಾಟಿಗೆ ನಡೆದು, ಏನು ಬೇಕು ಅಂತ ಕೇಳಿ ಕೇಳಿ ಚೀಲಕ್ಕೆ ಹಾಕ್ತಾಳೆ. ಯಾರೂ ಉಪದೇಶ ಮಾಡಲ್ಲ, ಯಾಕೆ ಹೀಗಾಯ್ತು ಅಂತ ಕೆದಕಲ್ಲ. ಲೋಚ್ ಇದನ್ನ ನಿಜವಾದ ಫುಡ್ ಬ್ಯಾಂಕಿನಲ್ಲೇ, ಅಲ್ಲಿ ದುಡಿಯುವವರನ್ನೇ ಇಟ್ಟುಕೊಂಡು ಚಿತ್ರಿಸಿದರು. ಅಷ್ಟು ಒಳ್ಳೆಯ ಜನರ ನಡುವೆ ಕೇಟಿ ತಡೆಯಲಾರದೆ ಒಂದು ಡಬ್ಬಿ ಕಿತ್ತು, ಅಂಗೈಗೆ ಸುರಿದುಕೊಂಡು ತಿಂದುಬಿಡ್ತಾಳೆ. ಆಮೇಲೆ ನಾಚಿಕೆಯಿಂದ ಅಳ್ತಾಳೆ, ಕ್ಷಮೆ ಕೇಳ್ತಾಳೆ. ಹೇಲಿ ಸ್ಕ್ವೈರ್ಸ್ ನಟನೆ ಇಲ್ಲಿ ನಟನೆ ಅನ್ಸೋದೇ ಇಲ್ಲ. ಕ್ಯಾಮೆರಾ ಕೂಡ ದೂರದಲ್ಲೇ ನಿಲ್ಲುತ್ತೆ, ಮುಖಕ್ಕೆ ನುಗ್ಗಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕ್ಷಮೆ. ಹಸಿದವಳು ಯಾಕೆ ಕ್ಷಮೆ ಕೇಳಬೇಕು? ಸರ್ಕಾರಿ ಕಚೇರಿಯಲ್ಲಿ ಇದೇ ಕೇಟಿ ಕೂಗಾಡಿದ್ದಳು, ಡೇನಿಯಲ್ ಅವಳ ಪರ ದನಿ ಎತ್ತಿದ್ದ. ಅಲ್ಲಿ ಸಿಗಬೇಕಾದ್ದು ಅವರ ಹಕ್ಕು, ಅದಕ್ಕೇ ಜಗಳ ಆಡಬಹುದು. ಇಲ್ಲಿ ಸಿಗೋದು ದಾನ. ದಾನದ ಸಾಲಿನಲ್ಲಿ ನಿಂತವರು ಥ್ಯಾಂಕ್ಸ್ ಹೇಳಬಹುದು, ಇಲ್ಲಾ ಸಾರಿ ಕೇಳಬಹುದು. ಜಗಳ ಆಡೋ ಹಾಗಿಲ್ಲ.

ನಮ್ಮ ನ್ಯಾಯಬೆಲೆ ಅಂಗಡಿಯನ್ನ ನೆನಪು ಮಾಡಿಕೊಳ್ಳಿ. ತೂಕದಲ್ಲಿ ಮೋಸ, ಹೆಬ್ಬೆಟ್ಟು ತೆಗೆದುಕೊಳ್ಳದ ಮಿಷಿನ್ನು, ನಾಳೆ ಬಾ ಅನ್ನೋ ಮಾತು ಎಲ್ಲಾ ಉಂಟು. ಆದರೂ ಅಲ್ಲಿ ಹೆಂಗಸರು ಸೆರಗು ಸಿಕ್ಕಿಸಿಕೊಂಡು ‘ನಮ್ಮ ಅಕ್ಕಿ ಕೊಡ್ರೀ’ ಅಂತ ಜೋರು ಮಾಡ್ತಾರೆ. ‘ನಮ್ಮ’ ಅನ್ನೋ ಆ ಒಂದು ಪದದ ಹಿಂದೆ 2013ರ ಆಹಾರ ಭದ್ರತಾ ಕಾಯ್ದೆ ಇದೆ, ಅನ್ನಭಾಗ್ಯ ಇದೆ. ಅದೇ ಹೆಂಗಸರು 2020ರ ಲಾಕ್‌ಡೌನಿನಲ್ಲಿ ನಮ್ಮ ಬೀದಿಯಲ್ಲಿ ಕಿಟ್ ಹಂಚಿದಾಗ ತಲೆ ತಗ್ಗಿಸಿ ನಿಂತಿದ್ದನ್ನ ನೋಡಿದ್ದೀನಿ. ಚೀಲದ ಮೇಲೆ ಕೊಟ್ಟವರ ಮುಖ, ಫೋಟೋದಲ್ಲಿ ಪಡೆದವರ ಮುಖ. ಒಳಗಿದ್ದ ಬೇಳೆ ಒಳ್ಳೆಯದೇ ಇತ್ತು. ಹಾಗಂತ ಒಬ್ಬರೂ ‘ಎಣ್ಣೆ ಎಲ್ಲಿ?’ ಅಂತ ಕೇಳಲಿಲ್ಲ.

ಲೋಚ್ ಇನ್ನೊಂದು ಸೂಕ್ಷ್ಮವನ್ನೂ ಹಿಡಿದಿದ್ದಾರೆ. ಕೇಟಿ ಮೆಲ್ಲಗೆ ಸ್ಯಾನಿಟರಿ ಪ್ಯಾಡ್ ಕೇಳ್ತಾಳೆ. ಇಲ್ಲ, ಯಾಕಂದ್ರೆ ಯಾರೂ ಕೊಟ್ಟಿಲ್ಲ. ಮುಂದೆ ಅದನ್ನೇ ಅಂಗಡಿಯಲ್ಲಿ ಕದಿಯೋಕೆ ಹೋಗಿ ಸಿಕ್ಕಿಬೀಳ್ತಾಳೆ. ಕೊಡುವವರ ಕಣ್ಣಿಗೆ ಕಂಡದ್ದಷ್ಟೇ ಕಪಾಟಿನಲ್ಲಿ ಇರುತ್ತೆ. ದಾನದ ಮಿತಿಯನ್ನ ಇದಕ್ಕಿಂತ ಚೆನ್ನಾಗಿ ಯಾವ ಭಾಷಣವೂ ಹೇಳಲಾರದು. ನಮ್ಮ ಕಿಟ್‌ಗಳಲ್ಲೂ ಅಕ್ಕಿ, ಬೇಳೆ, ಸಕ್ಕರೆ ಇದ್ದವು. ಪ್ಯಾಡ್ ಎಷ್ಟರಲ್ಲಿ ಇದ್ದವು, ನೀವೇ ಹೇಳಿ. ಸ್ಕಾಟ್ಲೆಂಡ್ 2020ರಲ್ಲಿ ಕಾನೂನು ಮಾಡಿ ಅದನ್ನ ಬೇಕಾದವರಿಗೆಲ್ಲ ಉಚಿತ ಮಾಡಿತು. ದಾನಿಗೆ ಹೊಳೆಯದ್ದನ್ನ ಕಾನೂನು ಹೀಗೆ ತುಂಬಬಹುದು.

ಸಿನಿಮಾದಲ್ಲಿ ನನಗೆ ತಕರಾರುಗಳೂ ಇವೆ. ಪಾಲ್ ಲಾವರ್ಟಿಯ ಚಿತ್ರಕತೆಯಲ್ಲಿ ಆ್ಯನ್ ಎಂಬ ಒಬ್ಬಳನ್ನು ಬಿಟ್ಟರೆ ಕಚೇರಿಯವರೆಲ್ಲ ಕಲ್ಲು, ಬೀದಿಯವರೆಲ್ಲ ಬೆಣ್ಣೆ. ಕಚೇರಿಯ ಗುಮಾಸ್ತರಿಗೂ ಮೇಲಿನವರ ಒತ್ತಡ ಇರುತ್ತೆ, ಅದು ಎರಡು ಮಾತಿನಲ್ಲಿ ಮುಗಿದುಹೋಗುತ್ತೆ. ಕೇಟಿಯನ್ನ ಮೈ ಮಾರುವ ದಾರಿಗೆ ತಂದಿದ್ದು ನಮ್ಮ ಹಳೇ ಸಿನಿಮಾಗಳ ಸವೆದ ತಿರುವು. ಡಬ್ಬಿಯ ದೃಶ್ಯ ಹೇಳಿ ಮುಗಿಸಿದ್ದನ್ನ ಮತ್ತೆ ಒತ್ತಿ ಹೇಳುವ ಅಗತ್ಯ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಫುಡ್ ಬ್ಯಾಂಕಿನ ಒಳ್ಳೆಯ ಜನ ಇದ್ದಾರೆ ಅಂತಲೇ ಸರ್ಕಾರ ಕೈ ತೊಳೆದುಕೊಳ್ಳಬಹುದಲ್ವಾ? ಆ ಪ್ರಶ್ನೆಯನ್ನ ಸಿನಿಮಾ ಅವರ ಬಾಯಲ್ಲಿ ಕೇಳಿಸಲ್ಲ.

ಹಾಗಂತ ಚೀಲ ಹೊರೋದನ್ನ ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ. ಕಾನೂನು ಬರೋವರೆಗೆ ಹೊಟ್ಟೆ ಕಾಯಲ್ಲ. ಆದರೆ ಕೊಡುವಾಗ ಏನು ಬೇಕು ಅಂತ ಕೇಳೋಣ, ಕ್ಯಾಮೆರಾ ಒಳಗಿಡೋಣ. ಚೀಲ ಕೊಟ್ಟ ಮೇಲೆ ಆ ಮನೆಯ ರೇಷನ್ ಕಾರ್ಡು ಯಾಕೆ ರದ್ದಾಯ್ತು, ಪಿಂಚಣಿ ಎಲ್ಲಿ ನಿಂತಿತು ಅಂತ ನೋಡಿ, ಅವರ ಜೊತೆ ತಾಲೂಕು ಕಚೇರಿಗೂ ಹೋಗೋಣ. ಡೇನಿಯಲ್ ಕೇಟಿಯ ಮನೆಗೆ ಪುಸ್ತಕದ ಕಪಾಟು ಮಾಡಿಕೊಟ್ಟ, ಸರಿ. ಅದಕ್ಕೂ ಮೊದಲು ಅವಳ ಪರ ಆ ಕಚೇರಿಯಲ್ಲಿ ಜಗಳ ಆಡಿದ್ದ.