ಡೀಫೆನ್‌ಬಾಖನ ಎರಡು ಪರ್ವತಗಳು

ಹೊಸದೊಂದು ನಾಡನ್ನು ಕುರಿತು ಮೊದಲು ಬರೆದವರ ಗ್ರಂಥಗಳಿಗೆ ಸಾಮಾನ್ಯವಾಗಿ ಎರಡು ಗತಿಗಳುಂಟು. ಅವುಗಳಲ್ಲಿರುವ ಗಿಡಮರ, ಮೃಗಪಕ್ಷಿ, ಬೆಟ್ಟಹೊಳೆಗಳ ವಿವರಗಳನ್ನು ಮುಂದೆ ಬಂದ ಪಂಡಿತರು ತಿದ್ದಿ ವಿಸ್ತರಿಸಿದ ಮೇಲೆ ಮೂಲಗ್ರಂಥವು ಪುಸ್ತಕಭಂಡಾರದ ಮೇಲಿನ ಹಲಗೆಯನ್ನು ಸೇರುವುದು ಒಂದು. ತಿದ್ದುಪಡಿಗಳೆಲ್ಲ ಮುಗಿದ ಮೇಲೂ ಓದುವವನಿಗೆ ಹೇಳುವಂಥದೇನೋ ಅದರಲ್ಲಿ ಉಳಿದಿರುವುದು ಇನ್ನೊಂದು. ಅರ್ನ್ಸ್ಟ್ ಡೀಫೆನ್‌ಬಾಖನು 1843ರಲ್ಲಿ ಲಂಡನ್ನಿನಿಂದ ಎರಡು ಸಂಪುಟಗಳಲ್ಲಿ ಪ್ರಕಟಿಸಿದ ನ್ಯೂಜಿಲೆಂಡ್ ಪ್ರವಾಸಗ್ರಂಥವು ಎರಡನೆಯ ಬಗೆಗೆ ಸೇರಿದುದೆಂದು ನಮ್ಮ ಎಣಿಕೆ. ಆ ಉಳಿದಿರುವುದು ಏನು ಎಂಬುದನ್ನು ವಿಚಾರ ಮಾಡುವುದಷ್ಟೇ ಈ ಲೇಖನದ ಉದ್ದೇಶ.

ಡೀಫೆನ್‌ಬಾಖನು 1811ರಲ್ಲಿ ಜರ್ಮನಿಯ ಗೀಸೆನ್ ಪಟ್ಟಣದಲ್ಲಿ ಹುಟ್ಟಿದವನು. ವೈದ್ಯಶಾಸ್ತ್ರವನ್ನು ಓದಿದವನು. ರಾಜಕೀಯ ಚಟುವಟಿಕೆಗಳ ದೆಸೆಯಿಂದ ತಾಯ್ನಾಡನ್ನು ಬಿಡಬೇಕಾಗಿ ಬಂದು, ಜ್ಯೂರಿಕ್ ನಗರದಲ್ಲಿಯೂ ನೆಲೆ ನಿಲ್ಲಲಾರದೆ, ಕಡೆಗೆ ಲಂಡನ್ನನ್ನು ಸೇರಿದನು. 1839ರಲ್ಲಿ ನ್ಯೂಜಿಲೆಂಡ್ ಕಂಪನಿಯ ‘ಟೋರಿ’ ಎಂಬ ಹಡಗು ಹೊರಟಾಗ ಅದರಲ್ಲಿ ಪ್ರಕೃತಿವಿಜ್ಞಾನಿಯಾಗಿ ಹೋಗುವ ಅವಕಾಶ ಆತನಿಗೆ ಒದಗಿತು. ಮಾವೋರಿ ಜನರಿಂದ ಭೂಮಿಯನ್ನು ಅಗ್ಗದಲ್ಲಿ ಕೊಂಡು ಇಂಗ್ಲೆಂಡಿನಿಂದ ಬರುವ ವಲಸೆಗಾರರಿಗೆ ಮಾರುವುದು ಆ ಕಂಪನಿಯ ವ್ಯವಹಾರ. ಆ ನೆಲದಲ್ಲಿ ಏನು ಬೆಳೆದೀತು, ಏನು ಸಿಕ್ಕೀತು ಎಂದು ಹೇಳುವುದಕ್ಕಾಗಿ ಅದಕ್ಕೊಬ್ಬ ಪಂಡಿತನು ಬೇಕಾಗಿದ್ದನು. ಉಂಡದ್ದು ಕಂಪನಿಯ ಅನ್ನವಾದರೂ ಕಂಡದ್ದು ತನ್ನ ಕಣ್ಣಿನಿಂದಲೇ ಆಗಬೇಕೆಂಬ ಹಟ ಈ ಪಂಡಿತನಿಗಿದ್ದಿತು. ಗ್ರಂಥದ ಹಿರಿಮೆ ಕೊರತೆಗಳೆರಡೂ ಈ ಇಕ್ಕಟ್ಟಿನಿಂದಲೇ ಹುಟ್ಟಿವೆ.

ಅದನ್ನು ತೋರಿಸಲು ಎರಡು ಪರ್ವತಗಳ ಪ್ರಸಂಗವನ್ನು ಎತ್ತಿಕೊಳ್ಳೋಣ. ಉತ್ತರ ದ್ವೀಪದ ಪಶ್ಚಿಮ ತೀರದಲ್ಲಿ ತರನಾಕಿ ಎಂಬ ಅಗ್ನಿಪರ್ವತವಿದೆ. ಎತ್ತರ 2,518 ಮೀಟರು. 1839ರ ಡಿಸೆಂಬರಿನಲ್ಲಿ ಡೀಫೆನ್‌ಬಾಖನು ತಿಮಿಂಗಿಲ ಬೇಟೆಗಾರನಾದ ಹೆಬರ್ಲಿ ಎಂಬುವನೊಡನೆ ಅದನ್ನು ಹತ್ತಿದನು. ಅದರ ತುದಿಯನ್ನು ಮುಟ್ಟಿದ ಮೊದಲ ಐರೋಪ್ಯರು ಇವರೇ. ಜೊತೆಗೆ ದಾರಿ ತೋರಿಸುತ್ತ ಬಂದಿದ್ದ ಮಾವೋರಿಗಳು ಹಿಮದ ಗೆರೆಯ ಬಳಿ ನಿಂತುಬಿಟ್ಟರು. ಅದರಾಚೆಗಿನದು ‘ತಪು’. ನಮ್ಮಲ್ಲಿ ಮಡಿ ಎಂಬ ಮಾತಿನಲ್ಲಿ ಪವಿತ್ರವೆಂಬ ಭಾವವೂ ಮುಟ್ಟಬಾರದೆಂಬ ಕಟ್ಟಳೆಯೂ ಹೇಗೆ ಒಟ್ಟಿಗೆ ಇವೆಯೋ ತಪು ಎಂಬ ಮಾತಿನಲ್ಲಿಯೂ ಹಾಗೆಯೇ. ಅವರು ನಿಂತರು, ವಿಜ್ಞಾನಿ ಮುಂದೆ ನಡೆದನು.

ಎರಡನೆಯದು ದ್ವೀಪದ ನಡುನಾಡಿನ ತೊಂಗರಿರೊ ಪರ್ವತ. 1841ರಲ್ಲಿ ಡೀಫೆನ್‌ಬಾಖನು ತೌಪೋ ಸರೋವರದ ಸೀಮೆಗೆ ಬಂದಾಗ ಅಲ್ಲಿನ ಒಡೆಯ ಮನಾನುಯಿ ತೆ ಹೆಉಹೆಉ. ಎರಡು ವರ್ಷಗಳ ಹಿಂದೆ ಬಿಡ್‌ವಿಲ್ ಎಂಬ ಆಂಗ್ಲನು ಈ ಒಡೆಯನ ಅಪ್ಪಣೆಯಿಲ್ಲದೆ ಅಲ್ಲಿನ ಶಿಖರವೊಂದನ್ನು ಏರಿ ಹೋಗಿದ್ದನು. ಆ ಕೋಪ ಇನ್ನೂ ಆರಿರಲಿಲ್ಲ. ಪರ್ವತವು ತನ್ನ ಪೂರ್ವಿಕರದೆಂದೂ ಅದು ತಪು ಎಂದೂ ತೆ ಹೆಉಹೆಉ ಅನುಮತಿಯನ್ನು ಕೊಡಲಿಲ್ಲ. ಡೀಫೆನ್‌ಬಾಖನು ಹತ್ತಲಿಲ್ಲ. ಶಾಸ್ತ್ರದ ಲೆಕ್ಕದಲ್ಲಿ ಇದು ನಷ್ಟ. ಆದರೆ ಗ್ರಂಥವನ್ನು ಓದುವವನಿಗೆ ಇಲ್ಲಿ ಲಾಭವೇ ಆಗಿದೆ. ತಾನು ನೋಡುತ್ತಿರುವ ನಾಡಿಗೆ ಒಡೆಯರಿದ್ದಾರೆಂಬುದು ಈ ತಡೆಯಿಂದ ಆತನಿಗೂ, ಆತನ ಮೂಲಕ ನಮಗೂ ಮನದಟ್ಟಾಗುತ್ತದೆ.

ಈ ಗ್ರಂಥದ ಒಳ್ಳೆಯ ಪುಟಗಳೆಲ್ಲ ಆತನು ನಿಂತು ಕೇಳಿದಾಗ ಬಂದವು. ಒಂದು ಪ್ರಾಣಿಯ ಉದಾಹರಣೆ ಸಾಕು. ಬೆನ್ನ ಮೇಲೆ ಮುಳ್ಳುಗಳಿರುವ, ಓತಿಯನ್ನು ಹೋಲುವ ದೊಡ್ಡದೊಂದು ಪ್ರಾಣಿ ಇರುವುದೆಂದು ಮಾವೋರಿಗಳೇ ಆತನಿಗೆ ಹೇಳಿದರು. ಆ ಮುಳ್ಳುಗಳನ್ನೇ ಹಿಡಿದು ಅವರು ಅದಕ್ಕೆ ಕೊಟ್ಟಿದ್ದ ಹೆಸರು ತುವಾತಾರ. ಬಹಳ ಹುಡುಕಿದ ಮೇಲೆ ಒಂದು ದೊರೆತು, ಅದನ್ನು ಆತನು ಕೆಲಕಾಲ ಜೀವಂತವಾಗಿ ಸಾಕಿಕೊಂಡಿದ್ದನು. ಅದು ಓತಿಗಳ ಕುಲಕ್ಕೆ ಸೇರದೆ ಬೇರೆಯೇ ಒಂದು ಪ್ರಾಚೀನ ಕುಲಕ್ಕೆ ಸೇರಿದುದೆಂದು ಲಂಡನ್ನಿನ ಗುಂಥರ್ ಪಂಡಿತನು ತೋರಿಸಿದ್ದು 1867ರಲ್ಲಿ. ಹಾಗೆಯೇ ತೀರದ ತಿಮಿಂಗಿಲ ಬೇಟೆಯನ್ನು ಕುರಿತ ಮಾತು: ಮರಿ ಹಾಕಲು ದಡದ ಹತ್ತಿರ ಬರುವ ತಾಯಿಯನ್ನು ಅದೇ ಸಮಯದಲ್ಲಿ ಕೊಲ್ಲುತ್ತ ಹೋದರೆ ಆ ಕಸುಬೇ ಉಳಿಯದೆಂದು ಆತನು ಆಗಲೇ ಎಚ್ಚರಿಸಿದ್ದನು. ರೊಟೊಮಹಾನ ಸರೋವರದ ದಡದಲ್ಲಿ ಬಿಸಿನೀರಿನ ಬುಗ್ಗೆಗಳು ಕಟ್ಟಿದ್ದ ಬಿಳಿ ಮತ್ತು ನಸುಗೆಂಪು ಸೋಪಾನಗಳನ್ನು ಆತನು ವರ್ಣಿಸಿದ್ದಾನೆ; 1886ರಲ್ಲಿ ತರವೆರಾ ಪರ್ವತವು ಸಿಡಿದಾಗ ಆ ಸೊಬಗು ಕಣ್ಮರೆಯಾಯಿತು. ಎರಡನೆಯ ಸಂಪುಟದಲ್ಲಿ ಮಾವೋರಿ ಭಾಷೆಯ ವ್ಯಾಕರಣವೂ ಶಬ್ದಕೋಶವೂ ಇವೆ. ಜನರ ನುಡಿಯನ್ನು ಕಲಿಯದೆ ಅವರನ್ನು ಬಲ್ಲೆನೆನ್ನಲಾಗದೆಂಬ ವಿವೇಕ ಇದರ ಹಿಂದಿದೆ.

ಇನ್ನು ಕೊರತೆಯ ವಿಷಯ. ಮಾತನ್ನು ಕೇಳುವುದನ್ನು ಬಿಟ್ಟು ಮೈಕಟ್ಟು, ಮೈಬಣ್ಣಗಳನ್ನು ನೋಡಿ ತೀರ್ಮಾನಿಸಹೊರಟಲ್ಲಿ ಆತನು ಎಡವಿದ್ದಾನೆ. ಮಾವೋರಿಗಳಲ್ಲಿ ಎರಡು ಬೇರೆ ಬೇರೆ ಜನಾಂಗಗಳು ಬೆರೆತಿವೆಯೆಂಬ ಆತನ ಊಹೆಯನ್ನು ಮುಂದಿನ ಸಂಶೋಧನೆ ಒಪ್ಪಿಲ್ಲ. ಸುಮಾರು ಹದಿಮೂರನೆಯ ಶತಮಾನದಲ್ಲಿ ಪೂರ್ವ ಪಾಲಿನೇಷ್ಯದಿಂದ ದೋಣಿಗಳಲ್ಲಿ ಬಂದವರ ಸಂತಾನವೇ ಮಾವೋರಿಗಳು ಎಂಬುದು ಇಂದಿನ ನಿರ್ಣಯ. ಸಮುದ್ರವನ್ನು ದಾಟಿ ಬಂದ ಪೂರ್ವಿಕರ ಕಥೆಯನ್ನು ಆ ಜನರು ಮೊದಲಿಂದಲೂ ಹೇಳುತ್ತಲೇ ಇದ್ದರು. ಇದಕ್ಕಿಂತ ದೊಡ್ಡ ಕೊರತೆ ಮತ್ತೊಂದು. ಬಿಳಿಯರು ಅಲ್ಲಿ ಬಂದು ನೆಲೆಸುವುದು ಸರಿಯೇ ಎಂಬ ಪ್ರಶ್ನೆಯನ್ನು ಆತನು ಬುಡದಿಂದ ಕೇಳಲಿಲ್ಲ. ಹೇಗೆ ನೆಲೆಸಬೇಕು, ಮಾವೋರಿಗಳಿಗೆ ಹೇಗೆ ನ್ಯಾಯ ದೊರಕಬೇಕು ಎಂಬಲ್ಲಿಗೆ ಆತನ ಚಿಂತೆ ನಿಂತಿತು.

ಆದರೂ ಆ ಚಿಂತೆ ಹಗುರವಾದುದಲ್ಲ. ಮಾವೋರಿಗಳ ಸಂಖ್ಯೆ ಇಳಿಯುತ್ತಿರುವುದನ್ನು ಆತನು ಕಂಡನು. ವಿಧಿಯೆಂದು ಕೈ ತೊಳೆದುಕೊಳ್ಳದೆ, ಹೊಸ ರೋಗಗಳು, ಬದಲಾದ ಊಟ ಉಡಿಗೆಗಳು ಎಂದು ಕಾರಣಗಳನ್ನು ಹುಡುಕಿದನು. ಆದಿವಾಸಿಗಳ ರಕ್ಷಣೆಗಾಗಿ ಲಂಡನ್ನಿನಲ್ಲಿದ್ದ ಸಂಘದ ಆಶ್ರಯದಲ್ಲಿ 1841ರಲ್ಲಿಯೇ ಒಂದು ಕಿರುಹೊತ್ತಗೆಯನ್ನೂ ಹೊರತಂದನು. ಕಾರಣವುಳ್ಳ ಕೇಡಿಗೆ ಪರಿಹಾರವೂ ಉಂಟೆಂಬ ಈ ವೈದ್ಯನ ನಂಬಿಕೆ ಆ ಶತಮಾನದ ಉತ್ತರಾರ್ಧದಲ್ಲಿ ಮರೆತುಹೋಯಿತು. ಮಾವೋರಿಗಳು ಅಳಿಯುವ ಜನವೆಂದು ವಿದ್ಯಾವಂತರೇ ನಿಶ್ಚಯಿಸಿಬಿಟ್ಟಿದ್ದರು. 1896ರ ಜನಗಣತಿಯಲ್ಲಿ ಅವರ ಸಂಖ್ಯೆ ಸುಮಾರು 42,000ಕ್ಕೆ ಇಳಿದಿತ್ತು. 2023ರ ಜನಗಣತಿಯಲ್ಲಿ ತಾವು ಮಾವೋರಿಗಳೆಂದು ಬರೆಯಿಸಿದವರು ಸುಮಾರು 8,87,000. ಅಳಿಯುವರೆಂದವರ ಲೆಕ್ಕ ಸುಳ್ಳಾಯಿತು.

ಅಳಿದದ್ದು ಬೇರೆ. 1840ರಲ್ಲಿ ಡೀಫೆನ್‌ಬಾಖನು ಪೂರ್ವಕ್ಕೆ ದೂರದಲ್ಲಿರುವ ಚಾತಮ್ ದ್ವೀಪಗಳಿಗೆ ಹೋಗಿ ಅಲ್ಲಿಂದ ಒಂದು ಹಕ್ಕಿಯನ್ನು ತಂದನು. ನಮ್ಮ ಕೆರೆಗಳ ಹುಂಡುಕೋಳಿಯ ಬಳಗಕ್ಕೆ ಸೇರಿದ ಹಕ್ಕಿ ಅದು. ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರೇ ಪಂಡಿತನು ಅದಕ್ಕೆ ಡೀಫೆನ್‌ಬಾಖನ ಹೆಸರನ್ನೇ ಇಟ್ಟನು. ಆ ಶತಮಾನ ಮುಗಿಯುವುದರೊಳಗೆ ಅದರ ಕುಲ ನಿರ್ಮೂಲವಾಯಿತು. ಇಂದು ಇಂಗ್ಲೆಂಡಿನ ವಸ್ತುಸಂಗ್ರಹದಲ್ಲಿ ಆತನು ತಂದ ಆ ಒಂದು ಹಕ್ಕಿಯ ಚರ್ಮ ಉಳಿದಿದೆ. ಹೆಸರಿಟ್ಟ ಮಾತ್ರಕ್ಕೆ ಯಾವುದನ್ನೂ ಉಳಿಸಿದಂತಾಗುವುದಿಲ್ಲವೆಂಬುದನ್ನು ಸಂಗ್ರಹಕಾರರೆಲ್ಲರೂ ನೆನೆಯಬೇಕು.

ಪರ್ವತಗಳ ಕಥೆಯನ್ನು ಮುಗಿಸಿಬಿಡೋಣ. ತೊಂಗರಿರೊ ಶಿಖರಗಳನ್ನು ತೆ ಹೆಉಹೆಉ ವಂಶದವರೇ 1887ರಲ್ಲಿ ರಾಷ್ಟ್ರದ ವಶಕ್ಕೆ ಒಪ್ಪಿಸಿದರು. ಅಲ್ಲಿ ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ತರನಾಕಿಯನ್ನು ಪೂರ್ವಿಕನೆಂದು ಮನ್ನಿಸಿ, ಅದಕ್ಕೆ ಕಾನೂನಿನಲ್ಲಿ ವ್ಯಕ್ತಿಯ ಸ್ಥಾನವನ್ನು ಕೊಟ್ಟು, 2025ರ ಜನವರಿಯಲ್ಲಿ ನ್ಯೂಜಿಲೆಂಡಿನ ಪಾರ್ಲಿಮೆಂಟು ಶಾಸನ ಮಾಡಿತು. ಹಿಮದ ಗೆರೆಯ ಬಳಿ ನಿಂತವರು ಬಲ್ಲದ್ದನ್ನು ರಾಜ್ಯವು ಒಪ್ಪಿಕೊಳ್ಳಲು 185 ವರ್ಷಗಳೇ ಹಿಡಿದವು. ಡೀಫೆನ್‌ಬಾಖನು ತೊಂಗರಿರೊವಿನ ಕೆಳಗೆ ಅದನ್ನು ಎರಡೇ ವರ್ಷಗಳಲ್ಲಿ ಕಲಿತನು. ಆತನ ಗ್ರಂಥವನ್ನು ಇಂದಿಗೂ ಆದರದಿಂದ ಓದಲು ಈ ಕಾರಣ ಸಾಕೆಂದು ನಮಗೆ ತೋರುತ್ತದೆ.