ಒಂದು ಮೆಟ್ಟಿಲು ಸದಾ ಕಡಿಮೆ: ಭಾರತೀಯ ವಾಯುಪಡೆಯ ಪೈಲಟ್ ತರಬೇತಿ

ಭಾರತೀಯ ವಾಯುಪಡೆಗೆ ಪೈಲಟ್‌ಗಳನ್ನು ಸಿದ್ಧಗೊಳಿಸುವ ಹೊಣೆ ತರಬೇತಿ ಕಮಾಂಡ್‌ನದು. 1949ರಲ್ಲಿ ಹುಟ್ಟಿದ ಈ ಕಮಾಂಡ್‌ನ ಪ್ರಧಾನ ಕಚೇರಿ ಬೆಂಗಳೂರಿನಲ್ಲಿದೆ. ಹೈದರಾಬಾದ್ ಸಮೀಪದ ದುಂಡಿಗಲ್ ಅಕಾಡೆಮಿ, ಹಕೀಂಪೇಟೆ, ಬೀದರ್, ಯಲಹಂಕ, ಚೆನ್ನೈ ಬಳಿಯ ತಾಂಬರಂ ಇದರ ಮುಖ್ಯ ನೆಲೆಗಳು. ಯುದ್ಧವಿಮಾನದ ಪೈಲಟ್ ಆಗುವವನ ಕಲಿಕೆಗೆ ಮೂರು ಮೆಟ್ಟಿಲುಗಳಿವೆ: ಮೊದಲು ಪ್ರೊಪೆಲರ್ ವಿಮಾನ, ಆಮೇಲೆ ಸಾಧು ಸ್ವಭಾವದ ಜೆಟ್, ಕೊನೆಗೆ ಯುದ್ಧವಿಮಾನವನ್ನು ಹೋಲುವ ಮುಂದುವರಿದ ಜೆಟ್. ಈ ಸಂಸ್ಥೆಯ ಚರಿತ್ರೆಯನ್ನು ಮೊದಲಿನಿಂದ ನೋಡುತ್ತ ಬಂದರೆ ಒಂದು ವಿಷಯ ಎದ್ದು ಕಾಣುತ್ತದೆ. ಕಲಿಸುವವರ ವಿಷಯದಲ್ಲಿ ಅದು ಎಂದೂ ಬಡವಾಗಿರಲಿಲ್ಲ. ಆದರೆ ಮೂರೂ ಮೆಟ್ಟಿಲುಗಳಿಗೆ ತಕ್ಕ ವಿಮಾನಗಳು ಒಂದೇ ಕಾಲಕ್ಕೆ ಅದರ ಕೈಯಲ್ಲಿದ್ದ ವರ್ಷಗಳು ತೀರ ಕಡಿಮೆ.

ಆರಂಭದಲ್ಲಿ ಕಲಿಕೆ ಪೂರ್ತಿ ಹೊರದೇಶದ್ದೇ. 1932ರ ಅಕ್ಟೋಬರ್ 8ರಂದು ವಾಯುಪಡೆ ಸ್ಥಾಪನೆಯಾದಾಗ ಅದರ ಮೊದಲ ಭಾರತೀಯ ಪೈಲಟ್‌ಗಳು ಇಂಗ್ಲೆಂಡಿನ ಕ್ರಾನ್‌ವೆಲ್‌ನಲ್ಲಿ ಕಲಿತವರಾಗಿದ್ದರು. ಸುಬ್ರತೊ ಮುಖರ್ಜಿ ಅವರಲ್ಲೊಬ್ಬರು. ಮರುವರ್ಷ ಏಪ್ರಿಲ್‌ನಲ್ಲಿ ಕರಾಚಿಯಲ್ಲಿ ನಿಂತ ಮೊದಲ ಸ್ಕ್ವಾಡ್ರನ್ ಬಳಿ ಇದ್ದದ್ದು ನಾಲ್ಕು ವಾಪಿಟಿ ವಿಮಾನಗಳು ಮಾತ್ರ. ವರ್ಷಕ್ಕೆ ಬೆರಳೆಣಿಕೆಯ ಯುವಕರನ್ನು ಹಡಗು ಹತ್ತಿಸಿ ಕಳಿಸುವ ಈ ಪದ್ಧತಿಯಿಂದ ಒಂದು ಪಡೆ ಬೆಳೆಯುವುದು ಸಾಧ್ಯವೇ ಇರಲಿಲ್ಲ. ಬ್ರಿಟಿಷ್ ಸರ್ಕಾರಕ್ಕೆ ಅದು ಬೆಳೆಯಬೇಕೆಂಬ ಆತುರವೂ ಇರಲಿಲ್ಲ.

ಎರಡನೆಯ ಮಹಾಯುದ್ಧ ಆ ಆತುರವನ್ನು ತಂದಿತು. ಲಾಹೋರಿನ ವಾಲ್ಟನ್‌ನಲ್ಲಿ ಪ್ರಾಥಮಿಕ ನೆಲಪಾಠ, ಬೇಗಂಪೇಟೆ ಮತ್ತು ಜೋಧಪುರಗಳಲ್ಲಿ ಟೈಗರ್ ಮಾತ್ ವಿಮಾನದ ಮೇಲೆ ಮೊದಲ ಹಾರಾಟ, ಅಂಬಾಲದಲ್ಲಿ ಮುಂದಿನ ಹಂತ, ಹೀಗೆ ದೇಶದೊಳಗೇ ಒಂದು ಸರಣಿ ಸಿದ್ಧವಾಯಿತು. ಇಂದಿನ ತರಬೇತಿಯ ಹಂದರ ಅಲ್ಲೇ ರೂಪುಗೊಂಡಿದ್ದು. ದೇಶ ವಿಭಜನೆಯಲ್ಲಿ ಲಾಹೋರ್ ಆಚೆಗೆ ಹೋಯಿತು. ಅಂಬಾಲ, ಜೋಧಪುರ, ಬೇಗಂಪೇಟೆಗಳು ಈಚೆಗೆ ಉಳಿದವು. ಪಡೆಯ ಆಸ್ತಿಪಾಸ್ತಿ ಹಂಚಿಹೋದ ಆ ಗದ್ದಲದಲ್ಲೂ ಹಾರಾಟದ ಶಾಲೆಗಳು ಉಳಿದುಕೊಂಡದ್ದು ಹೊಸ ದೇಶಕ್ಕೆ ದೊಡ್ಡ ಆಸರೆಯಾಯಿತು.

ಸ್ವಾತಂತ್ರ್ಯಾನಂತರ ಕೈಗೊಂಡ ನಿರ್ಧಾರಗಳಲ್ಲಿ ಅತ್ಯುತ್ತಮವಾದದ್ದು ಯಾವುದೆಂದು ಕೇಳಿದರೆ ಫ್ಲೈಯಿಂಗ್ ಇನ್‌ಸ್ಟ್ರಕ್ಟರ್ಸ್ ಶಾಲೆಯನ್ನು ಹೆಸರಿಸಬೇಕು. 1948ರಲ್ಲಿ ಅಂಬಾಲದಲ್ಲಿ ಆರಂಭವಾಗಿ 1954ರಲ್ಲಿ ತಾಂಬರಂಗೆ ಬಂದ ಈ ಶಾಲೆ ಹಾರಲು ಬಲ್ಲವರಿಗೆ ಹಾರಿಸುವುದನ್ನು ಕಲಿಸುತ್ತದೆ. ಒಳ್ಳೆಯ ಪೈಲಟ್ ಒಳ್ಳೆಯ ಬೋಧಕನೂ ಆಗಿರುತ್ತಾನೆ ಎಂದು ಭಾವಿಸದೆ, ಬೋಧನೆಯನ್ನೇ ಒಂದು ಪ್ರತ್ಯೇಕ ವಿದ್ಯೆಯೆಂದು ಒಪ್ಪಿಕೊಂಡದ್ದರಲ್ಲಿ ಈ ಶಾಲೆಯ ಹಿರಿಮೆಯಿದೆ. ಕೈ ಮಾಡುತ್ತಿರುವುದನ್ನು ಬಾಯಿ ಅದೇ ಕ್ಷಣ ಹೇಳಬೇಕು. ಹೇಳುವುದು ಕೈಗಿಂತ ಹಿಂದೆ ಬೀಳಬಾರದು. ಕಲಿಯುವವನು ತಪ್ಪು ಮಾಡುತ್ತಿರುವುದು ಕಂಡರೂ ಕೂಡಲೇ ಸ್ಟಿಕ್ ಕಿತ್ತುಕೊಳ್ಳದೆ, ತಪ್ಪು ಅವನಿಗೇ ಅರಿವಾಗುವವರೆಗೆ ಕಾಯಬೇಕು, ಆದರೆ ಅದು ಅಪಾಯದ ಗೆರೆ ದಾಟುವ ಮೊದಲೇ ಕೈ ಹಾಕಬೇಕು. ಆ ಗೆರೆ ಎಲ್ಲಿದೆ ಎಂಬುದನ್ನು ಯಾವ ಪುಸ್ತಕವೂ ಹೇಳಿಕೊಡಲಾರದು. ಇಲ್ಲಿ ಮಿತ್ರದೇಶಗಳ ಅಧಿಕಾರಿಗಳೂ ಬಂದು ಕಲಿತು ಹೋಗುತ್ತಾರೆ. ಬೋಧಕರು ಯುದ್ಧದಿಂದ ದೂರ ಉಳಿದವರೂ ಅಲ್ಲ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ಮೇಲಿನ ದಾಳಿಯಲ್ಲಿ ಮಡಿದು, 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಪಡೆದ ಕೊಡಗಿನ ಅಜ್ಜಮಾಡ ದೇವಯ್ಯ ಹಾರಾಟದ ಬೋಧಕರಾಗಿ ದುಡಿದವರು.

ಆಯ್ಕೆಯ ವಿಧಾನವೂ ಗಂಭೀರವಾಗಿಯೇ ಬೆಳೆದಿದೆ. ಮೈಸೂರು, ಡೆಹ್ರಾಡೂನ್, ವಾರಾಣಸಿಗಳಂಥ ಕಡೆ ಇರುವ ವಾಯುಪಡೆ ಆಯ್ಕೆ ಮಂಡಳಿಗಳಲ್ಲಿ ಪೈಲಟ್ ಆಗಬಯಸುವವರಿಗೆ ವಿಶೇಷ ಸಾಮರ್ಥ್ಯ ಪರೀಕ್ಷೆಯೊಂದಿರುತ್ತದೆ. ಎದುರಿನ ಪರದೆಯ ಮೇಲೆ ಓಡಾಡುವ ಚುಕ್ಕೆಯನ್ನು ಕೈಯಲ್ಲಿ ಸ್ಟಿಕ್, ಕಾಲಲ್ಲಿ ಪೆಡಲ್ ಹಿಡಿದು ಚೌಕದೊಳಗೆ ನಿಲ್ಲಿಸಬೇಕು. ನಡುನಡುವೆ ದೀಪಗಳಿಗೂ ಸದ್ದುಗಳಿಗೂ ಸ್ಪಂದಿಸಬೇಕು. ಯಂತ್ರದ ಮೇಲೆ ನಡೆಯುತ್ತಿದ್ದ ಈ ಪರೀಕ್ಷೆ ಈಗ ಕಂಪ್ಯೂಟರ್‌ಗೆ ಬಂದಿದೆ. ನಿಯಮ ಮಾತ್ರ ಬದಲಾಗಿಲ್ಲ: ಇದು ಬಾಳಿನಲ್ಲಿ ಒಮ್ಮೆ ಮಾತ್ರ, ಫೇಲಾದವನಿಗೆ ಎರಡನೆಯ ಅವಕಾಶವಿಲ್ಲ. ಅಭ್ಯಾಸದಿಂದ ಗಳಿಸಿದ ಜಾಣ್ಮೆಯನ್ನಲ್ಲ, ಸಹಜ ಹೊಂದಾಣಿಕೆಯನ್ನು ಅಳೆಯಬೇಕೆಂಬುದು ಇದರ ತರ್ಕ. ಹದಿನೆಂಟು, ಇಪ್ಪತ್ತರ ಹರೆಯದವರಿಗೆ ಇದು ಕಟುವೆನಿಸುವುದು ನಿಜ; ಆದರೂ ಆಗಸದಲ್ಲಿ ಗೊತ್ತಾಗುವ ಅನರ್ಹತೆಗಿಂತ ಕೋಣೆಯೊಳಗೆ ಗೊತ್ತಾಗುವುದು ಎಷ್ಟೋ ಮೇಲು.

ವಿಮಾನಗಳ ಕಥೆ ಒಳ್ಳೆಯ ರೀತಿಯಲ್ಲೇ ಶುರುವಾಯಿತು. ಬೆಂಗಳೂರಿನ ವಿಮಾನ ತಯಾರಿಕಾ ಸಂಸ್ಥೆ ಎಚ್‌ಎಎಲ್‌ನಲ್ಲಿ ವಿ. ಎಂ. ಘಾಟಗೆ ನೇತೃತ್ವದ ತಂಡ ರೂಪಿಸಿದ ಎಚ್‌ಟಿ-2, 1951ರ ಆಗಸ್ಟ್‌ನಲ್ಲಿ ಮೊದಲ ಬಾರಿ ಹಾರಿತು. ಭಾರತದಲ್ಲೇ ವಿನ್ಯಾಸಗೊಂಡು ತಯಾರಾದ ಮೊದಲ ತರಬೇತಿ ವಿಮಾನವದು. ಲೋಹದ ಮೈ, ಒಬ್ಬರ ಹಿಂದೊಬ್ಬರು ಕೂರುವ ಎರಡು ಸೀಟು, ಬಾಲದಡಿ ಪುಟ್ಟ ಚಕ್ರ. ಬಾಲಚಕ್ರದ ವಿಮಾನ ನೆಲದ ಮೇಲೆ ನಾಜೂಕಿನದು. ಮೂಗು ಮೇಲೆದ್ದಿರುವುದರಿಂದ ಮುಂದಿನ ದಾರಿ ಕಾಣಿಸದು. ಇಳಿಯುವಾಗ ತುಸು ಅಡ್ಡ ತಿರುಗಿದರೂ ಗಿರಕಿ ಹೊಡೆದುಬಿಡುತ್ತದೆ. ಹಾಗಾಗಿ ಎಚ್‌ಟಿ-2 ಹಾರಿಸಿದವರ ಕಾಲುಗಳಿಗೆ ರಡ್ಡರ್‌ನ ಬಳಕೆ ಚೆನ್ನಾಗಿ ಒಗ್ಗುತ್ತಿತ್ತು. ಸುಮಾರು ಮೂವತ್ತು ವರ್ಷ ಇದರ ಮೇಲೆಯೇ ಸಾವಿರಾರು ಕೆಡೆಟ್‌ಗಳು ಮೊದಲ ಸೋಲೋ ಹಾರಿದರು. ಬೀದರಿನ ಪ್ರಾಥಮಿಕ ಹಾರಾಟ ಶಾಲೆಯ ಹೆಸರು ನಿಂತದ್ದೂ ಇದೇ ವಿಮಾನದಿಂದ.

ಇಂಥ ವಿಮಾನದಲ್ಲಿ ಕಲಿಸುವ ಪಾಠಗಳಲ್ಲಿ ಸ್ಪಿನ್ ಅತಿ ಮುಖ್ಯವಾದದ್ದು. ವೇಗ ಕುಸಿದು ಒಂದು ರೆಕ್ಕೆ ಮೊದಲು ಎತ್ತುವ ಬಲ ಕಳೆದುಕೊಂಡರೆ ವಿಮಾನ ಬುಗುರಿಯಂತೆ ಸುತ್ತುತ್ತ ಕೆಳಗಿಳಿಯುತ್ತದೆ. ಸ್ಟಿಕ್ಕನ್ನು ಎಳೆದು ಮೂಗು ಎತ್ತಬೇಕೆಂದು ಮನಸ್ಸು ಹೇಳುತ್ತದೆ. ಎಳೆದರೆ ಸ್ಪಿನ್ ಬಿಡುವುದಿಲ್ಲ. ಎಂಜಿನ್ ತಗ್ಗಿಸಿ, ಸುತ್ತಿನ ದಿಕ್ಕು ಗುರುತಿಸಿ, ಎದುರು ರಡ್ಡರನ್ನು ಪೂರ್ತಿ ಒತ್ತಿ, ಆಮೇಲೆ ಸ್ಟಿಕ್ಕನ್ನು ಮುಂದಕ್ಕೆ ದೂಡಿ, ಸುತ್ತು ನಿಂತ ಕೂಡಲೇ ರಡ್ಡರ್ ನೇರ ಮಾಡಿ ಮೆಲ್ಲಗೆ ಮೇಲೆತ್ತಬೇಕು. ಭಯದ ವಿರುದ್ಧ ಕೈಕಾಲು ಕ್ರಮ ತಪ್ಪದೆ ಕೆಲಸ ಮಾಡುವಂತೆ ಪಳಗಿಸುವುದು ಪೈಲಟ್ ತರಬೇತಿಯ ತಿರುಳು. ಅದಕ್ಕೇ ಸ್ಪಿನ್‌ನಿಂದ ತಪ್ಪದೆ ಹೊರಬರುವ ವಿಮಾನವೇ ಈ ಮೆಟ್ಟಿಲಿಗೆ ಬೇಕು.

ಘಾಟಗೆಯವರ ತಂಡದ್ದೇ ಆದ ಜೆಟ್ ತರಬೇತಿ ವಿಮಾನ ಕಿರಣ್ 1964ರ ಸೆಪ್ಟೆಂಬರ್‌ನಲ್ಲಿ ಹಾರಿತು. ಬೋಧಕ ಮತ್ತು ವಿದ್ಯಾರ್ಥಿ ಇದರಲ್ಲಿ ಪಕ್ಕಪಕ್ಕದಲ್ಲೇ ಕೂರುತ್ತಾರೆ. ಶಿಷ್ಯನ ಕಣ್ಣು ಯಾವ ಮೀಟರ್ ಮೇಲಿದೆ ಎಂಬುದೂ ಗುರುವಿಗೆ ಕಾಣಿಸುತ್ತದೆ. 190 ಕಿರಣ್‌ಗಳು ತಯಾರಾದವು. 1971ರಲ್ಲಿ ದುಂಡಿಗಲ್ ಅಕಾಡೆಮಿ ಕೆಲಸ ಆರಂಭಿಸಿ, ಜೋಧಪುರ, ಅಲಹಾಬಾದ್‌ಗಳಂಥ ಕಡೆ ಚದುರಿದ್ದ ತರಬೇತಿಗೆ ಒಂದು ಸ್ಥಿರ ನೆಲೆ ಒದಗಿತು. ಎಚ್‌ಟಿ-2, ಕಿರಣ್ ಜೊತೆಗೆ 1975ರಿಂದ ಪೋಲೆಂಡಿನ ಇಸ್ಕ್ರಾ ಜೆಟ್‌ಗಳೂ ಸೇರಿದ ಆ ವರ್ಷಗಳನ್ನು ಈ ಸಂಸ್ಥೆಯ ಸುಭಿಕ್ಷ ಕಾಲವೆನ್ನಬಹುದು. ಸಾಗಣೆ ವಿಮಾನದ ಪೈಲಟ್‌ಗಳಿಗೆ ಯಲಹಂಕ, ಹೆಲಿಕಾಪ್ಟರ್‌ನವರಿಗೆ ಹಕೀಂಪೇಟೆ ಎಂಬ ವ್ಯವಸ್ಥೆ ಮುಂದೆ ಗಟ್ಟಿಯಾಯಿತು. ಆ ಎರಡು ಕವಲುಗಳಲ್ಲಿ ದೊಡ್ಡ ಬಿಕ್ಕಟ್ಟು ಬರಲಿಲ್ಲ.

ಬಿಕ್ಕಟ್ಟು ಬಂದದ್ದು ಯುದ್ಧವಿಮಾನದ ಕವಲಿನಲ್ಲಿ. ಮಿಗ್-21 ಯುದ್ಧವಿಮಾನ ದೊಡ್ಡ ಸಂಖ್ಯೆಯಲ್ಲಿ ಬಂದ ಮೇಲೆ ಅಕಾಡೆಮಿಯಿಂದ ಹೊರಬಂದವನು ಏರಬೇಕಾದ ವಿಮಾನಕ್ಕೂ ಅವನು ಕಲಿತ ವಿಮಾನಕ್ಕೂ ಅಜಗಜಾಂತರವಾಯಿತು. ಕಿರಣ್ ಶಬ್ದದ ವೇಗವನ್ನು ಮುಟ್ಟದ ವಿಮಾನ; ಮಿಗ್-21 ಶಬ್ದದ ಎರಡು ಪಟ್ಟು ವೇಗದ್ದು. ನೆಲಕ್ಕಿಳಿಯಲು ಬರುವಾಗಲೇ ಗಂಟೆಗೆ 300 ಕಿಲೋಮೀಟರ್‌ಗೂ ಮೀರಿದ ವೇಗ; ತಪ್ಪು ತಿದ್ದಿಕೊಳ್ಳಲು ಸಿಗುವುದು ಕ್ಷಣಗಳು ಮಾತ್ರ. ಎರಡು ಸೀಟಿನ ಮಿಗ್‌ನಲ್ಲಿ ಹಿಂದೆ ಕೂತ ಬೋಧಕನಿಗೆ ಎದುರಿನ ರನ್‌ವೇ ಸರಿಯಾಗಿ ಕಾಣಲು ಪೆರಿಸ್ಕೋಪ್ ಬೇಕಾಗುತ್ತಿತ್ತು. ನಡುವೆ ಮುಂದುವರಿದ ಜೆಟ್ ತರಬೇತಿ ವಿಮಾನವೊಂದು ಬೇಕೆಂದು ಲಾಫೊಂಟೇನ್ ಅಧ್ಯಕ್ಷತೆಯ ಸಮಿತಿ 1982ರಲ್ಲೇ ಶಿಫಾರಸು ಮಾಡಿತು. ವಿಮಾನ ಬರಲಿಲ್ಲ. ಅದರ ಬದಲಿಗೆ 1986ರಲ್ಲಿ ಅಸ್ಸಾಮಿನ ತೇಜ್‌ಪುರದಲ್ಲಿ ಮಿಗ್-21ರ ಮೇಲೆಯೇ ಹೊಸಬರಿಗೆ ಕಲಿಸುವ ಘಟಕವನ್ನು ತೆರೆಯಲಾಯಿತು. ಅಲ್ಲಿನ ಬೋಧಕರ ಕಷ್ಟಸಹಿಷ್ಣುತೆ ಮೆಚ್ಚತಕ್ಕದ್ದು. ಆದರೆ ಆ ವ್ಯವಸ್ಥೆ ಮೂಲತಃ ತಪ್ಪು: ಯಾವ ವಿಮಾನಕ್ಕಾಗಿ ತರಬೇತಿ ಬೇಕಿತ್ತೋ ಅದನ್ನೇ ತರಬೇತಿಯ ಸಾಧನ ಮಾಡಿಕೊಂಡದ್ದಾಯಿತು.

ಅಪಘಾತಗಳ ಕಾರಣ ಶೋಧಿಸಲು ಎ. ಪಿ. ಜೆ. ಅಬ್ದುಲ್ ಕಲಾಂ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿ 1997ರಲ್ಲಿ ಮತ್ತೆ ಇದೇ ಕೊರತೆಯತ್ತ ಬೆರಳು ಮಾಡಿತು. ಬ್ರಿಟನ್ನಿನ ಹಾಕ್ ವಿಮಾನಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರ ಮಾರ್ಚ್‌ನಲ್ಲಿ. ಬೀದರಿನಲ್ಲಿ ಅವು ವಿಧ್ಯುಕ್ತವಾಗಿ ಸೇರಿದ್ದು 2008ರ ಫೆಬ್ರವರಿಯಲ್ಲಿ. ಶಿಫಾರಸಿನಿಂದ ವಿಮಾನದವರೆಗೆ 26 ವರ್ಷ. ಬೆಲೆಯ ಚೌಕಾಸಿ, ಸರ್ಕಾರಗಳ ಬದಲಾವಣೆ, ರಕ್ಷಣಾ ಖರೀದಿಯ ಹಗರಣಗಳಿಂದ ಹುಟ್ಟಿದ ಅಂಜಿಕೆ, ಎಲ್ಲವೂ ಸೇರಿ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಓಡಾಡಿತು. ಆ ಅವಧಿಯ ಎಲ್ಲ ಮಿಗ್ ಅಪಘಾತಗಳಿಗೂ ತರಬೇತಿಯ ಕೊರತೆಯೇ ಕಾರಣವಲ್ಲ; ಎಂಜಿನ್ ದೋಷ, ಹಕ್ಕಿ ಬಡಿತ, ನಿರ್ವಹಣೆಯ ತೊಡಕುಗಳೂ ಇದ್ದವು. ಹಾಗಿದ್ದರೂ ತಪ್ಪಿಸಬಹುದಾಗಿದ್ದ ಸಾವುಗಳು ಇದ್ದವು ಎಂಬುದನ್ನು ಮರೆಮಾಚುವಂತಿಲ್ಲ. ಪಡೆ ತಾನಾಗಿ ಕೇಳಿ, ಎರಡು ಸಮಿತಿಗಳು ಹೌದೆಂದ ಮೇಲೂ ಕೊಡದಿದ್ದ ವಿಮಾನವಿದು. ಸ್ವತಂತ್ರ ಭಾರತದ ರಕ್ಷಣಾ ಆಡಳಿತದ ಮೇಲೆ ಇದಕ್ಕಿಂತ ಗಂಭೀರ ಆಪಾದನೆ ಹೆಚ್ಚಿಲ್ಲ.

ಹಾಕ್ ಬಂದ ಮೇಲೆ ಮೂರನೆಯ ಮೆಟ್ಟಿಲು ಗಟ್ಟಿಯಾಯಿತು. ಬಹುಪಾಲು ಹಾಕ್‌ಗಳನ್ನು ಎಚ್‌ಎಎಲ್ ಬೆಂಗಳೂರಿನಲ್ಲೇ ಜೋಡಿಸಿತು. 2016ರ ಜೂನ್‌ನಲ್ಲಿ ದುಂಡಿಗಲ್‌ನಿಂದ ಹೊರಬಂದ ಮೊದಲ ಮಹಿಳಾ ಯುದ್ಧಪೈಲಟ್‌ಗಳಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಬೀದರಿನಲ್ಲಿ ಹಾಕ್ ಮೇಲೆಯೇ ಪಳಗಿದವರು. 2018ರಲ್ಲಿ ಅವನಿ ಮಿಗ್-21ನ್ನು ಒಬ್ಬರೇ ಹಾರಿಸಿದರು. ಹಿಂದಿನವರಿಗೆ ಸಿಗದಿದ್ದ ಸಿದ್ಧತೆ ಅವರ ಪೀಳಿಗೆಗೆ ಸಿಕ್ಕಿತ್ತು.

ಆದರೆ ಕೊನೆಯ ಮೆಟ್ಟಿಲು ಸರಿಹೋಗುವಷ್ಟರಲ್ಲಿ ಮೊದಲನೆಯದು ಕುಸಿಯಿತು. ಎಚ್‌ಟಿ-2ರ ಜಾಗಕ್ಕೆ 1980ರ ದಶಕದಲ್ಲಿ ಬಂದ ಎಚ್‌ಪಿಟಿ-32 ದೀಪಕ್‌ನ ಎಂಜಿನ್ ಹಾರಾಟದ ನಡುವೆಯೇ ನಿಂತುಹೋಗುತ್ತಿತ್ತು. ಹೊರಗೆ ಚಿಮ್ಮುವ ಸೀಟು ಅದರಲ್ಲಿರಲಿಲ್ಲ. ಎಂಜಿನ್ ನಿಂತರೆ ಗಾಳಿಯಲ್ಲಿ ತೇಲಿಸಿ ಇಳಿಸುವ ಗುಣವೂ ಸಾಲದು. 17 ಅಪಘಾತಗಳಲ್ಲಿ 19 ಪೈಲಟ್‌ಗಳು ಸತ್ತರು. 2009ರ ಜುಲೈ 31ರಂದು ಇಬ್ಬರು ಬೋಧಕರು ಮಡಿದ ಮೇಲೆ ಇಡೀ ಸಮೂಹವನ್ನು ನೆಲಕ್ಕಿಳಿಸಲಾಯಿತು. ಏನೂ ಅರಿಯದ ಹೊಸಬನ ಕೈಗೆ ಕೊಡುವ ವಿಮಾನ ಪಡೆಯಲ್ಲೇ ಅತ್ಯಂತ ವಿಶ್ವಾಸಾರ್ಹವಾಗಿರಬೇಕಿತ್ತು. ಇದರ ಹೊಣೆ ಹೊರಗಿನ ಕಚೇರಿಗಳದು ಮಾತ್ರವಲ್ಲ: ಕಾಯಿಲೆ ತಿಳಿದಿದ್ದೂ ವರ್ಷಗಟ್ಟಲೆ ಹಾರಿಸುತ್ತ ಬಂದ ಪಡೆಯದೂ ಹೌದು, ಪರಿಹಾರ ಕಾಣದೆ ಹೋದ ತಯಾರಕರದೂ ಹೌದು.

ಬದಲಿ ಇಲ್ಲದೆ ಮೊದಲ ಹಂತದ ಹೊರೆಯೂ ವಯಸ್ಸಾದ ಕಿರಣ್ ಮೇಲೆ ಬಿತ್ತು. 2012ರಲ್ಲಿ ಸ್ವಿಟ್ಜರ್ಲೆಂಡಿನ 75 ಪಿಲಾಟಸ್ ಪಿಸಿ-7 ವಿಮಾನಗಳಿಗೆ ಒಪ್ಪಂದವಾಗಿ, ಮರುವರ್ಷವೇ ದುಂಡಿಗಲ್‌ನಲ್ಲಿ ಪಾಠ ಆರಂಭವಾಯಿತು. ಹಾಕ್‌ನ ಕಥೆಯ ಪಕ್ಕದಲ್ಲಿಟ್ಟು ನೋಡಿದರೆ, ಮನಸ್ಸು ಮಾಡಿದಾಗ ಈ ವ್ಯವಸ್ಥೆ ಎಷ್ಟು ಬೇಗ ಓಡಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ನಡುವಿನ ಮೆಟ್ಟಿಲು ಮಾತ್ರ ಇನ್ನೂ ಹಾಗೇ ಇದೆ. ಕಿರಣ್ ಬದಲಿಗೆಂದು ಎಚ್‌ಎಎಲ್ ರೂಪಿಸಿದ ಸಿತಾರಾ 2003ರಲ್ಲಿ ಹಾರಿತು; ಎಂಜಿನ್ ಬದಲಾವಣೆ, ಸ್ಟಾಲ್ ಮತ್ತು ಸ್ಪಿನ್ ಗುಣಗಳ ತೊಂದರೆಗಳಲ್ಲಿ ಸಿಲುಕಿ, 2025ರಲ್ಲಿ ಯಶಸ್ ಎಂಬ ಹೊಸ ಹೆಸರು ಪಡೆದರೂ ಕೆಡೆಟ್‌ಗಳ ಕೈಗೆ ಬಂದಿಲ್ಲ.

ಇದರ ಪರಿಣಾಮ ಲೆಕ್ಕದಲ್ಲಿ ಕಾಣುತ್ತದೆ. ಮಹಾಲೇಖಪಾಲರ ವರದಿಯ ಪ್ರಕಾರ 2015ರ ಆರಂಭದಲ್ಲಿ 486 ಇದ್ದ ಪೈಲಟ್‌ಗಳ ಕೊರತೆ 2021ರ ಕೊನೆಗೆ 596ಕ್ಕೆ ಏರಿತ್ತು. ಮೊದಲಿಗೆ ವಾಯುಪಡೆ ಬೇಡವೆಂದಿದ್ದರೂ ಎಚ್‌ಎಎಲ್ ಸ್ವಂತ ಹಣ ತೊಡಗಿಸಿ ಮೊದಲ ಮೆಟ್ಟಿಲಿಗೆಂದು ಬೆಳೆಸಿದ ಎಚ್‌ಟಿಟಿ-40 ವಿಮಾನ 2016ರಲ್ಲಿ ಹಾರಿ, ಸ್ಪಿನ್ ಪರೀಕ್ಷೆಗಳನ್ನೂ ಮುಗಿಸಿತು. 2023ರ ಮಾರ್ಚ್‌ನಲ್ಲಿ 6,800 ಕೋಟಿ ರೂಪಾಯಿಗೂ ಮೀರಿದ ಮೊತ್ತಕ್ಕೆ 70 ವಿಮಾನಗಳ ಒಪ್ಪಂದವಾಯಿತು. ಎಂಜಿನ್ ಪೂರೈಕೆಯ ವಿಳಂಬದಿಂದ ಇದೂ ಹೇಳಿದ ಹೊತ್ತಿಗೆ ಬರಲಿಲ್ಲ. ಇವು ಸೇರಿದ ಮೇಲೆ ಮೊದಲ ಮೆಟ್ಟಿಲಿನ ಕೊರತೆ ನೀಗೀತು. ಎರಡನೆಯದಕ್ಕೆ ಮಾತ್ರ 1964ರಲ್ಲಿ ಹಾರಿದ ವಿಮಾನದ ಉತ್ತರಾಧಿಕಾರಿ ಯಾವುದೆಂದು ಇನ್ನೂ ತೀರ್ಮಾನವಾಗಬೇಕಿದೆ.