‘ಆಂತ್ರೆ’ ಪದದ ಅರ್ಥಪಲ್ಲಟ: ಎರಡು ವಾದಗಳ ವಿಮರ್ಶೆ

ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಭೋಜನಸಂಬಂಧಿ ಪದಗಳಲ್ಲಿ ‘ಆಂತ್ರೆ’ಯಷ್ಟು ಆಕ್ಷೇಪಕ್ಕೆ ಗುರಿಯಾದ ಪದಗಳು ವಿರಳ. ಅಮೆರಿಕದ ಇಂಗ್ಲಿಷಿನಲ್ಲಿ ಅದು ಊಟದ ಮುಖ್ಯ ಭಕ್ಷ್ಯ. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳ ಇಂಗ್ಲಿಷಿನಲ್ಲಿ, ಇಂದಿನ ಫ್ರೆಂಚಿನಲ್ಲಿರುವಂತೆಯೇ, ಮುಖ್ಯ ಭಕ್ಷ್ಯಕ್ಕೆ ಮೊದಲು ಬರುವ ಲಘು ತಿನಿಸು. ‘ಪ್ರವೇಶ’ ಎಂಬ ಮೂಲಾರ್ಥವನ್ನು ಮುಂದಿಟ್ಟು ಅಮೆರಿಕದ ಪ್ರಯೋಗವನ್ನು ತಪ್ಪೆಂದು ಎಣಿಸುವುದು ವಾಡಿಕೆ. ಅಮೆರಿಕದ ಅರ್ಥವೇ ಹಳೆಯ ಫ್ರೆಂಚ್ ಅರ್ಥಕ್ಕೆ ಹತ್ತಿರವಾದದ್ದು ಎಂಬ ಪ್ರತಿವಾದವೂ ಉಂಟು. ಪರಸ್ಪರ ವಿರುದ್ಧವೆಂದು ತೋರುವ ಈ ಎರಡೂ ವಾದಗಳು, ಹಳೆಯದೇ ಸರಿಯಾದದ್ದು ಎಂಬ ಒಂದೇ ಗ್ರಹಿಕೆಯನ್ನು ಆಶ್ರಯಿಸಿವೆ. ಆ ಗ್ರಹಿಕೆಯನ್ನು ನಾವು ಇಲ್ಲಿ ಪರೀಕ್ಷಿಸುತ್ತೇವೆ.

ಮೊದಲು ತಪ್ಪಿನ ವಾದ. ಹದಿನೇಳು, ಹದಿನೆಂಟನೆಯ ಶತಮಾನಗಳ ಫ್ರೆಂಚ್ ಪದ್ಧತಿಯ ಔತಣದಲ್ಲಿ ಒಂದೊಂದು ಸರದಿಗೂ ಹಲವು ಭಕ್ಷ್ಯಗಳನ್ನು ಒಟ್ಟಿಗೆ ಮೇಜಿನ ಮೇಲೆ ಇಡುತ್ತಿದ್ದರು. ಮೊದಲ ಸರದಿಯಲ್ಲಿ ಸೂಪುಗಳೊಡನೆ ಆಂತ್ರೆಗಳೂ ಬರುತ್ತಿದ್ದವು. ಅವು ಬಹುಮಟ್ಟಿಗೆ ಸಾಸಿನೊಡನೆ ಬೇಯಿಸಿದ ಬಿಸಿ ಮಾಂಸಭಕ್ಷ್ಯಗಳು. ಸುಟ್ಟ ಮಾಂಸ, ಅಂದರೆ ‘ರೋತಿ’, ಎರಡನೆಯ ಸರದಿಗೆ ಸೇರಿದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಭಕ್ಷ್ಯಗಳನ್ನು ಒಂದಾದ ಮೇಲೊಂದರಂತೆ ಬಡಿಸುವ ರಷ್ಯನ್ ಪದ್ಧತಿ ಬೇರೂರಿದಾಗ, ಆಂತ್ರೆಯ ಸ್ಥಾನ ಸೂಪು ಮತ್ತು ಮೀನಿನ ತರುವಾಯ, ರೋತಿಗೆ ಮುನ್ನ ಎಂದು ನಿಗದಿಯಾಯಿತು. ಪ್ರಾಸ್ಪೆರ್ ಮೊಂತಾಞೆಯವರ 1938ರ ‘ಲಾರೂಸ್ ಗ್ಯಾಸ್ಟ್ರೊನೊಮಿಕ್’ ಕೂಡ ಆಂತ್ರೆಯನ್ನು ಊಟದ ಮೊದಲ ಭಕ್ಷ್ಯವೆಂದು ಭಾವಿಸಬಾರದೆಂದು ಎಚ್ಚರಿಸುತ್ತದೆ. ಆದ್ದರಿಂದ ‘ಪ್ರವೇಶ’ ಎಂಬ ವ್ಯುತ್ಪತ್ತಿಯು ಸ್ವತಃ ಫ್ರೆಂಚ್ ಪ್ರಯೋಗವನ್ನೇ ದೀರ್ಘಕಾಲ ವಿವರಿಸಲಾರದು. ಇಂದಿನ ಫ್ರೆಂಚಿನ ಅರ್ಥವು ಮೂಲದ ಉಳಿಕೆಯಲ್ಲ, ಈಚಿನ ಬೆಳವಣಿಗೆ.

ಇನ್ನು ಪ್ರಾಚೀನತೆಯ ವಾದ. ಡ್ಯಾನ್ ಜುರಾಫ್ಸ್ಕಿಯವರು 2014ರ ‘ದಿ ಲ್ಯಾಂಗ್ವೇಜ್ ಆಫ್ ಫುಡ್’ ಗ್ರಂಥದಲ್ಲಿ ಈ ಪದದ ಚರಿತ್ರೆಯನ್ನು ವಿಶದವಾಗಿ ನಿರೂಪಿಸಿ, ಗಟ್ಟಿಯಾದ ಮಾಂಸಭಕ್ಷ್ಯವೆಂಬ ಹಳೆಯ ಲಕ್ಷಣ ಅಮೆರಿಕದಲ್ಲಿ ಉಳಿದಿರುವುದನ್ನು ಗುರುತಿಸಿದ್ದಾರೆ. ಈ ನಿರೂಪಣೆ ಅಮೂಲ್ಯವಾದದ್ದು. ಆದರೆ ಇದರಿಂದ ಅಮೆರಿಕದ ಪ್ರಯೋಗವು ‘ಶುದ್ಧ’ವೆಂದು ತೀರ್ಮಾನಿಸುವುದನ್ನು ನಾವು ಒಪ್ಪಲಾರೆವು. ಹಳೆಯ ಆಂತ್ರೆಯು ರೋತಿಯಿಂದ ಭಿನ್ನವೆಂಬುದೇ ಅದರ ಮುಖ್ಯ ಲಕ್ಷಣವಾಗಿತ್ತು. ಇಂದು ಅಮೆರಿಕದ ಭೋಜನಪಟ್ಟಿಯಲ್ಲಿ ಸುಟ್ಟ ಕೋಳಿಯೂ ಆಂತ್ರೆ, ಮಾಂಸವಿಲ್ಲದ ಪಾಸ್ತಾ ಕೂಡ ಆಂತ್ರೆ. ಪದವು ಹೊರಗಿಡುತ್ತಿದ್ದುದೇ ಈಗ ಅದರ ಒಳಗಿದೆ. ಇದನ್ನು ಸಂರಕ್ಷಣೆ ಎನ್ನುವುದಕ್ಕಿಂತ ಇನ್ನೊಂದು ದಿಕ್ಕಿನ ಪಲ್ಲಟ ಎನ್ನುವುದೇ ಯುಕ್ತ.

ಈ ಕವಲೊಡೆಯುವಿಕೆಯನ್ನು ವಿವರಿಸಲು ಊಟದ ರಚನೆಯನ್ನೇ ಗಮನಿಸಬೇಕು. ಹ್ಯಾಲಿಡೆಯವರು 1961ರ ಲೇಖನದಲ್ಲಿ ವ್ಯಾಕರಣದ ಘಟಕ, ರಚನೆ, ವರ್ಗಗಳನ್ನು ತಿಳಿಯಪಡಿಸಲು ಊಟದ ಉದಾಹರಣೆಯನ್ನೇ ಬಳಸಿದ್ದರು. ಆ ಪರಿಭಾಷೆಯಲ್ಲಿ ಹೇಳುವುದಾದರೆ, ‘ಆಂತ್ರೆ’ ಏಕಕಾಲಕ್ಕೆ ರಚನೆಯ ಒಂದು ಸ್ಥಾನಕ್ಕೂ ಆ ಸ್ಥಾನವನ್ನು ತುಂಬುವ ಭಕ್ಷ್ಯವರ್ಗಕ್ಕೂ ಹೆಸರಾಗಿತ್ತು. ಊಟ ಸಂಕ್ಷಿಪ್ತಗೊಂಡು ನೆರೆಯ ಸ್ಥಾನಗಳು ಲೋಪವಾದಾಗ ಈ ಎರಡು ಲಕ್ಷಣಗಳು ಬೇರ್ಪಟ್ಟವು. ಫ್ರೆಂಚಿನಲ್ಲಿ ಪದವು ಮುಖ್ಯ ಭಕ್ಷ್ಯಕ್ಕೆ ಮೊದಲಿನ ಸ್ಥಾನಕ್ಕೆ ಅಂಟಿಕೊಂಡಿತು; ಅಮೆರಿಕದಲ್ಲಿ ಗಟ್ಟಿ ಭಕ್ಷ್ಯವೆಂಬ ವರ್ಗಲಕ್ಷಣವನ್ನು ಹಿಡಿದು, ರೋತಿ ತೆರವು ಮಾಡಿದ ಕೇಂದ್ರಸ್ಥಾನವನ್ನು ಆಕ್ರಮಿಸಿತು. ಪದದ ಮೌಲ್ಯ ನೆರೆಯ ಪದಗಳಿಂದ ನಿರ್ಣಯವಾಗುತ್ತದೆಂಬ ಸೊಸ್ಯೂರ್‌ರ ಮಾತಿಗೆ ಇದು ಒಳ್ಳೆಯ ನಿದರ್ಶನ. ಆದರೆ ನೆರೆಯ ಪದಗಳು ಮರೆಯಾದದ್ದಕ್ಕೆ ಕಾರಣ ಭಾಷಾವ್ಯವಸ್ಥೆಯ ಹೊರಗಿದೆ ಎಂಬುದನ್ನೂ ಮರೆಯಬಾರದು.

ಈ ಚರ್ಚೆಯ ವ್ಯಾವಹಾರಿಕ ಪರಿಣಾಮ ದ್ವಿಭಾಷಿಕ ಸನ್ನಿವೇಶದಲ್ಲಿ ಸ್ಪಷ್ಟವಾಗುತ್ತದೆ. ಕ್ವಿಬೆಕ್‌ನಲ್ಲಿ 1977ರ ಫ್ರೆಂಚ್ ಭಾಷಾ ಸನ್ನದಿನ ಪ್ರಕಾರ ಭೋಜನಪಟ್ಟಿ ಫ್ರೆಂಚಿನಲ್ಲಿರಬೇಕು; ಜೊತೆಗೆ ಇಂಗ್ಲಿಷ್ ಪಾಠವೂ ಇದ್ದರೆ, ಒಂದೇ ಕಾಗುಣಿತದ ಪದ ಒಂದು ಕಡೆ ಮೊದಲ ತಿನಿಸನ್ನೂ ಇನ್ನೊಂದು ಕಡೆ ಮುಖ್ಯ ಭಕ್ಷ್ಯವನ್ನೂ ಸೂಚಿಸುವ ಸಂಭವವಿದೆ. ಇಲ್ಲಿ ವ್ಯುತ್ಪತ್ತಿ ಓದುಗನಿಗೆ ನೆರವಾಗದು.

ಇಂಗ್ಲಿಷ್–ಕನ್ನಡ ನಿಘಂಟುಕಾರರ ಸಮಸ್ಯೆಯೂ ಇದೇ. ಕೋಸಂಬರಿ, ಪಲ್ಯಗಳಿಂದ ತೊಡಗಿ ಸಾರು, ಹುಳಿಗಳನ್ನು ಹಾಯ್ದು ಮಜ್ಜಿಗೆಯನ್ನದಲ್ಲಿ ಮುಗಿಯುವ ನಮ್ಮ ಎಲೆಯೂಟದ ಕ್ರಮದಲ್ಲಿ ಆಂತ್ರೆಗೆ ಸಮನಾದ ಸ್ಥಾನವಿಲ್ಲ. ಹೀಗಿರುವಾಗ ಒಂದೇ ಸಮಾನಪದ ಕೊಟ್ಟು ಮುಗಿಸುವುದು ದಾರಿತಪ್ಪಿಸುತ್ತದೆ. ‘ಪ್ರವೇಶಭಕ್ಷ್ಯ’ದಂಥ ಪದಶಃ ಅನುವಾದವಂತೂ ವ್ಯುತ್ಪತ್ತಿಯ ಭ್ರಮೆಯನ್ನೇ ಕನ್ನಡಕ್ಕೆ ತರುತ್ತದೆ. ಪ್ರದೇಶವನ್ನು ನಮೂದಿಸಿ ಎರಡು ಅರ್ಥಗಳನ್ನೂ ಸಮಾನವಾಗಿ ದಾಖಲಿಸುವುದು, ಮೀನಿಗೂ ಸುಟ್ಟ ಮಾಂಸಕ್ಕೂ ನಡುವಣ ಭಕ್ಷ್ಯವೆಂಬ ಅರ್ಥವನ್ನು ಚಾರಿತ್ರಿಕವೆಂದು ಮೂರನೆಯದಾಗಿ ಸೇರಿಸುವುದು ಉಚಿತವೆಂದು ನಮ್ಮ ಅಭಿಪ್ರಾಯ. ಯಾವ ಅರ್ಥ ಹಳೆಯದೆಂಬ ಪ್ರಶ್ನೆಗೆ ಚರಿತ್ರೆ ಉತ್ತರಿಸಬಹುದು. ಯಾವುದು ಸರಿಯೆಂಬುದನ್ನು ಆಯಾ ಭಾಷಿಕ ಸಮುದಾಯದ ರೂಢಿಯೇ ನಿರ್ಣಯಿಸುತ್ತದೆ.